ಮಗಳ ಮನೆಯ ನೀರು

ಜೋಧ್‌ಪುರದೋರನ್ನ ನಂಬಬಾರ್ದು. ಮಾತಿಗೊಂದು ಗೌರವದ 'ಸಾ' ಸೇರಿಸಿ, ಬಾಯಲ್ಲಿ ಬೆಲ್ಲ ಇಟ್ಕೊಂಡೇ ಮಾತಾಡ್ತಾರೆ. ಗೋಡೆಗೆ ನೀಲಿ ಬಳಿದುಬಿಟ್ರೆ ಮನೆಯೊಳಗಿನ ಗಲೀಜು ಯಾರಿಗೂ ಕಾಣಲ್ಲ ಅಂದ್ಕೊಂಡಿದಾರೆ. ಬೀಕಾನೇರ್‌ನ ಗಂಡಸರು ಬೀದೀಲಿ ಮರದ ಹಲಗೆ ಹಾಕ್ಕೊಂಡು, ಖಾರದ ಭುಜಿಯಾ ಮೆಲ್ತಾ, ಊರ ಉಸಾಬರಿ ಮಾಡ್ತಾ ಕೂತ್ರೆ, ಮನೇಲಿ ಹೆಂಡ್ತಿ ಸತ್ಲು ಅಂದ್ರೂ 'ಈ ಪೊಟ್ಟಣ ಮುಗೀಲಿ, ಬಂದೆ' ಅಂತಾರೆ. ಜೈಸಲ್‌ಮೇರ್ ಅಂದ್ರೆ ಮರಳು ತೋರಿಸಿ ಹೊಟ್ಟೆ ಹೊರೆಯೋ ಊರು. ಮರಳು! ನಮ್ಮನೇಲಿ ಅದು ದಿನಾ ರೊಟ್ಟೀಲೇ ಸಿಗುತ್ತೆ, ಅದನ್ನ ನೋಡೋಕೆ ಬಿಳಿ ಜನ ವಿಮಾನ ಹತ್ತಿ ಬರ್ತಾರಂತೆ. ಇನ್ನು ಉದಯಪುರದೋರು, ನೀರನ್ನ ಬಟ್ಟಬಯಲಲ್ಲಿ ಬಿಟ್ಟು ಅದರ ಮೇಲೆ ದೋಣಿ ಬಿಡ್ತಾರೆ, ನಾಚಿಕೆಗೆಟ್ಟೋರು. ನಮ್ಮ ಕಡೆ ನೀರಿಗೆ ಮುಚ್ಚಳ ಹಾಕಿ ಬೀಗ ಜಡೀತೀವಿ. ಜೈಪುರದ ಮಾತು ಎತ್ತಲೇಬೇಡಿ. ಈ ಮರುಭೂಮೀನೆಲ್ಲಾ ಆಳೋ ಊರು ಅದು, ಒಂದು ದಿನವೂ ಬಾಯಾರಿ ಗೊತ್ತಿಲ್ಲ.

ಈ ಎಲ್ಲಾ ಊರುಗಳಿಂದಲೂ ನನ್ನ ತಮ್ಮ ಹೇಮಾರಾಮನ ಮಗಳು ಸುಗಣಾಗೆ ಗಂಡುಗಳು ಬಂದಿದ್ವು. ಎಲ್ಲರನ್ನೂ ಮೂಗು ಮುರಿದು ವಾಪಸ್ ಅಟ್ಟಿದೋಳು ನಾನೇ, ಧಾಪೂ. ನಮ್ಮಲ್ಲಿ ಹೆಣ್ಣುಮಕ್ಕಳು ಹುಟ್ಟಿ ಹುಟ್ಟಿ ಬೇಜಾರಾದಾಗ ಕೊನೇದಕ್ಕೆ ಧಾಪೂ ಅಂತ ಹೆಸರಿಡ್ತಾರೆ, 'ಸಾಕಪ್ಪಾ' ಅಂತ ದೇವರಿಗೆ ಹೇಳಿ ಕಳಿಸಿದಂಗೆ. ನಾನು ಬೇಡ ಅಂದಾಗೆಲ್ಲಾ ಹೇಮಾ ತಲೆಯಾಡಿಸ್ತಿದ್ದ. ಪರವಾಗಿಲ್ಲ, ತಮ್ಮ ಅಕ್ಕನ ಮಾತಿಗೆ ಬೆಲೆ ಕೊಡ್ತಾನೆ ಅಂದ್ಕೊಂಡಿದ್ದೆ.

ಸುಗಣಾ ನನ್ನ ಹತ್ರ ಕೇಳಿದ್ದು ಒಂದೇ. "ಭುವಾ," ಅಂದ್ಲು. ಅಪ್ಪನ ಅಕ್ಕನ್ನ ನಮ್ಮಲ್ಲಿ ಹಾಗೇ ಕರೆಯೋದು. "ಭುವಾ, ಗಂಡ ಕಪ್ಪಗಿರ್ಲಿ ಕುಳ್ಳಗಿರ್ಲಿ, ನೀರು ಸಿಹಿ ಇರೋ ಕಡೆ ಕೊಡ್ಸು. ನಿನ್ನ ಹಾಗೆ ನಂಗೆ ಬದುಕೋಕಾಗಲ್ಲ." ನಾನು ಅವಳ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ನನ್ನ ಬದುಕು ಏನಂತ ಹೇಳ್ತೀನಿ. ನಾಗೌರ್ ಕಡೆಯ ಮೂಂಡಾಸರ್ ನನ್ನ ತವರು. ಅಲ್ಲಿನ ಬಾವಿ ನೀರು ಕುಡಿದ್ರೆ ಊಟ ಮರೀಬೇಕು, ಅಷ್ಟು ಸಿಹಿ. ನನ್ನ ಕೊಟ್ಟಿದ್ದು ಪಚಪದರಾ ಪಕ್ಕದ ಖಾರೋಡಾಕ್ಕೆ. ನೆಲ ಕೆರೆದ್ರೆ ಉಪ್ಪು, ಬಾವಿ ಸೇದಿದ್ರೆ ಉಪ್ಪು. ಉಪ್ಪು ತಿಂದೋರು ನೀರು ಕುಡೀಬೇಕು ಅಂತಾರೆ, ನೀರೇ ಉಪ್ಪಾದ್ರೆ ಏನು ಕುಡಿಯೋದು ಹೇಳಿ? ಬೇಳೆ ಬೇಯಲ್ಲ, ಚಹಾಕ್ಕೆ ಹಾಲು ಹಾಕಿದ್ರೆ ಒಡೀತದೆ. ನಮ್ಮನೆಯವರು ದಿನಾ ಒಂಟೆ ಹೊಡ್ಕೊಂಡು ದೂರದ ಮರಳುಗುಂಡಿಯಿಂದ ನನಗೆ ಕುಡಿಯೋಕೆ ಸಿಹಿನೀರು ತರ್ತಿದ್ರು. ತರ್ದೆ ಏನು ಮಾಡ್ತಾರೆ? ಮೋಸ ಮಾಡಿ ಕಟ್ಕೊಂಡು ಬಂದ್ಮೇಲೆ ತರ್ಲೇಬೇಕಲ್ಲ.

ಹೌದು, ಮೋಸ. ಹೆಣ್ಣು ಕೊಡೋಕೆ ಮುಂಚೆ ಹೆಣ್ಣಿನ ಅಪ್ಪ ಗಂಡಿನ ಮನೆಗೆ ಹೋಗಿ ನೀರು ಕುಡೀತಾನೆ. ಕುಡಿದು ಲೋಟ ಕೆಳಗಿಟ್ರೆ ಮಾತು ಕಟ್ಟಿದಂಗೆ. ಮದುವೆ ಆದ್ಮೇಲೆ ಸಾಯೋತನಕ ಆ ಮನೇಲಿ ತೊಟ್ಟು ನೀರು ಮುಟ್ಟಂಗಿಲ್ಲ. ಮಗಳನ್ನ ಕೊಟ್ಟ ಮನೇದು ಏನೂ ತಗೋಬಾರ್ದು. ಆ ಒಂದು ಸಲ ನಮ್ಮಪ್ಪ ಬಂದಾಗ ನನ್ನ ಅತ್ತೆ ಎಲ್ಲಿಂದಲೋ ಸಿಹಿನೀರು ತಂದು ಕುಡಿಸಿ ಮೋಸ ಮಾಡಿದ್ಲು. ಆಮೇಲೆ ಅಪ್ಪ ಎಷ್ಟು ಸಲ ಬಂದ್ರೂ ಹೆಗಲಲ್ಲಿ ತನ್ನದೇ ಕ್ಯಾನ್ವಾಸ್ ನೀರಿನ ಚೀಲ. ಅದರಿಂದಲೇ ಎರಡು ಗುಟುಕು ಕುಡಿದು, ನನ್ನ ತಲೆ ಸವರಿ ಹೋಗ್ತಿದ್ದ. ಪಾಪ, ಮಗಳನ್ನ ಎಂಥಾ ಉಪ್ಪುನೀರಿಗೆ ಕೊಟ್ಟಿದೀನಿ ಅಂತ ಅವನಿಗೆ ಗೊತ್ತೇ ಆಗ್ಲಿಲ್ಲ. ನಾನೂ ಹೇಳ್ಲಿಲ್ಲ. ಹೇಳಿದ್ರೆ ಎದೆ ಒಡ್ಕೊಂಡು ಸಾಯ್ತಿದ್ದ. ಅವನು ತೀರಿಹೋದ್ಮೇಲೆ ಆ ಚೀಲ ನಾನು ತಂದಿಟ್ಕೊಂಡೆ. ಎಲ್ಲಿಗೆ ಹೋದ್ರೂ ಅದರಲ್ಲೇ ನನ್ನ ನೀರು. ಅತ್ತೇನ ಮಾತ್ರ ಸಾಯೋತನಕ ಬಿಡ್ಲಿಲ್ಲ, ದಿನಾ ಬೆಳಗ್ಗೆ ಎದ್ದು ಉಪಚಾರ ಮಾಡ್ತಿದ್ದೆ. ಬಾಯಲ್ಲಿ.

ಬಾಡಮೇರ್ ದಾರೀಲಿ ಸಿಣಧೋರಾ ಅಂತ ಒಂದು ಊರು, ಅಲ್ಲಿಂದ ಸುಗಣಾಗೆ ಸಂಬಂಧ ಬಂತು. ಹೇಮಾ ಈ ಸಲ ತಾನೇ ಓಡಾಡಿದ. ಅದಕ್ಕೂ ಕಾರಣ ಇತ್ತು. ಅವನ ಮಗನಿಗೆ ವಯಸ್ಸು ಮೀರಿತ್ತು, ಇಡೀ ಮಾರವಾಡದಲ್ಲಿ ಅವನಿಗೆ ಯಾರೂ ಹೆಣ್ಣು ಕೊಡ್ತಿರ್ಲಿಲ್ಲ. ಕೊಡಬಾರ್ದು ಕೂಡಾ, ನನ್ನ ಸೋದರಳಿಯ ಅಂತ ಸುಳ್ಳು ಹೇಳೋಕಾಗುತ್ತಾ? ಸಿಣಧೋರಾದೋರು ಅದಲುಬದಲಿಗೆ ಒಪ್ಪಿದ್ರು: ನಿಮ್ಮ ಹುಡುಗಿ ನಮಗೆ, ನಮ್ಮ ಹುಡುಗಿ ನಿಮಗೆ. ನನ್ನದೂ ಹಾಗೇ ಆಗಿದ್ದು. ನಾನು ಖಾರೋಡಾಕ್ಕೆ ಬಂದೆ, ನಮ್ಮನೆಯವರ ತಂಗಿ ಹೇಮಾನ ಹೆಂಡ್ತಿಯಾಗಿ ಮೂಂಡಾಸರ್‌ಗೆ ಹೋದ್ಲು. ಅಂದಿನಿಂದ ಅವಳು ನನ್ನ ಬಾವಿ ನೀರು ಸೇದ್ತಿದಾಳೆ, ನಾನು ಅವಳದು.

"ಗಂಡಿನ ಮನೆ ನೀರು ನೋಡೋಕೆ ಹೆಂಗಸರು ಬರೋ ಪದ್ಧತಿ ಇಲ್ಲ ಜೀಜೀ," ಅಂದ ಹೇಮಾ. ಅಕ್ಕ ಅಂದ್ರೆ ನಮ್ಮಲ್ಲಿ ಜೀಜೀ.

"ಗಂಡಸರು ನೀರು ನೋಡಿದ ಪದ್ಧತಿ ನಾನು ಅನುಭವಿಸಿದ್ದು ಸಾಕು," ಅಂದು ಜೀಪು ಹತ್ತಿ ಕೂತೆ. ನಮ್ಮನೆಯವರು ಹಿಂದೆ ಕೂತ್ರು. ಯಾವಾಗ್ಲೂ ಹಿಂದೆಯೇ.

ದಾರೀಲಿ ಲೂನೀ ನದಿ ದಾಟಿದ್ವಿ. ನದಿ ಅಂತ ಹೆಸರು ಅಷ್ಟೇ, ಒಣ ಮರಳಿನ ಮೇಲೆ ಜೀಪು ದಡದಡ ಹೋಯ್ತು. ಮಳೆ ಬಂದು ಹರಿದ್ರೂ ಬಾಲೋತ್ರಾ ತನಕ ಸಿಹಿ, ಅಲ್ಲಿಂದಾಚೆ ಉಪ್ಪು. ನಮ್ಮ ಹೆಣ್ಣುಮಕ್ಕಳ ಬದುಕಿನಂಥ ನದಿ. ಕೊನೆಗೆ ಸಮುದ್ರ ಸೇರೋ ಯೋಗ್ಯತೆಯೂ ಇಲ್ಲ, ಕಛ್‌ನ ಕೆಸರಲ್ಲಿ ಬಿದ್ದು ಸಾಯುತ್ತೆ. ಆಚೆ ದಡದಲ್ಲಿ ಸರ್ಕಾರದ ಫಲಕ: ಕಾಲುವೆ ಬರಲಿದೆ. ಆ ಕಾಲುವೆ ನಾನು ನೋಡಿದಾಗಿನಿಂದ ರೇಡಿಯೋದಲ್ಲೇ ಹರೀತಿದೆ.

ಸಿಣಧೋರಾದ ಮನೆ ನೋಡ್ಬೇಕಿತ್ತು. ಮಕರಾನಾ ಅಮೃತಶಿಲೆಯ ಜಗಲಿ, ಬಾಗಿಲಿಗೆ ಹಸಿರು ಬಣ್ಣ, ಗೋಡೆ ಮೇಲೆ ಸಿಮೆಂಟಿನ ನವಿಲು. ಆ ನವಿಲಿನ ಮುಖ ಥೇಟ್ ಕೋಳೀದು. ಹುಡುಗನೂ ಬಂದು ಕಾಲಿಗೆ ಬಿದ್ದ. ಕೆಟ್ಟೋನಲ್ಲ, ಒಳ್ಳೆಯೋನು ಅನ್ನೋಕೂ ಏನೂ ಕಾಣ್ಲಿಲ್ಲ. ಅಂಗಳದಲ್ಲಿ ಗಂಡಸರ ಮಧ್ಯೆ ಹುಡುಗನ ಅಜ್ಜ ಉಗಮಾ ಕೂತಿದ್ದ, ಅಂಗೈಯಲ್ಲಿ ಅಫೀಮಿನ ನೀರು ಹಿಡಿದು, ಮರ್ಯಾದೆಗೆ ಅಂತ ಬಂದೋರ ಬಾಯಿಗೆ ಹಾಕ್ತಾ. ಅವನ ಗುರುತು ನನಗಿತ್ತು. ನನ್ನ ಮದುವೇಲಿ ಎರಡೂ ಕಡೆ ಮಾತು ಕೂಡಿಸಿದೋನು ಅವನೇ. ನಮ್ಮನೆಯವರ ಕಡೆ ಹಿರಿಯ ಅಂತ ನಾನು ಮುಸುಕು ಎಳ್ಕೊಂಡೆ. ಮುಸುಕು ಮುಖಕ್ಕೆ, ನಾಲಿಗೆಗಲ್ಲ.

ಒಳಗೆ ಹೋಗೋ ಮುಂಚೆ ಹೇಮಾ ನನ್ನ ತೋಳು ಹಿಡಿದ. "ಜೀಜೀ, ನೀರು ಹೇಗೇ ಇರ್ಲಿ, ಸಿಹಿಯಾಗಿದೆ ಅಂದ್ಬಿಡು. ಅವಳು ನಿನ್ನ ಮಾತೊಂದೇ ನಂಬೋದು."

"ಥೂ ನಿನ್ನ," ಅಂದೆ. "ಅಪ್ಪ ಇದ್ದಿದ್ರೆ ನಿನ್ನ ಕಪಾಳಕ್ಕೆ ಬಾರಿಸ್ತಿದ್ದ."

ಹುಡುಗನ ತಾಯಿ ನಕ್ಕೊಂಡು ಚಹಾ ತಂದ್ಲು. ಏಲಕ್ಕಿ ಚಹಾ, ಹಾಲು ಒಡೆದಿಲ್ಲ, ಬಾಯಿಗೆ ಹಿತವಾಗಿತ್ತು. ಅಷ್ಟು ಹಿತವಾಗಿದ್ದದ್ದೇ ನನಗೆ ಸಂಶಯ.

"ಯಾವ ನೀರಮ್ಮಾ ಇದು?"

"ಅಂಗಳದ ಬಾವೀದೇ."

"ಚೆನ್ನಾಗಿದೆ. ನನ್ನ ಕಣ್ಣೆದುರೇ ಸೇದಿ ಇನ್ನೊಂದು ಲೋಟ ಮಾಡ್ಕೊಡು ನೋಡೋಣ."

ಅವಳ ನಗು ಅಲ್ಲೇ ಒಣಗಿತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ, ಹಾಗೆ ಅವಳ ಕಣ್ಣು ಮೂಲೇಲಿ ಮುಚ್ಚಿಟ್ಟಿದ್ದ ಹೊಸ ಮಡಕೆ ಕಡೆ ಹೋಯ್ತು. ನಾನೇ ಎದ್ದು ಹೋಗಿ ಬಾವಿ ಸೇದಿ ತಂದು, ಅವಳ ಒಲೆ ಮೇಲಿಟ್ಟೆ. ಹಾಲು ಹುಯ್ದಿದ್ದೇ ತಡ, ಒಡೆದು ಗಡ್ಡೆಗಡ್ಡೆ ಆಯ್ತು. ಆ ಲೋಟ ಎತ್ಕೊಂಡು ಸೀದಾ ಹೋಗಿ ಗಂಡಸರ ಮಧ್ಯೆ ಕುಕ್ಕಿದೆ.

"ಕುಡೀರಪ್ಪಾ ಸಂಬಂಧಿಕರೇ! ಮಕರಾನಾ ಕಲ್ಲು ಹಾಕ್ಸೋಕೆ ಬರುತ್ತೆ, ಒಂದು ಲೋಟ ಚಹಾ ಮಾಡೋಕೆ ನೀರಿಲ್ಲ! ನಮ್ಮಪ್ಪ ಸಾಧು ಮನುಷ್ಯ, ಅವನಿಗೆ ಕದ್ದ ನೀರು ಕುಡಿಸಿ ನನ್ನ ಹೊಡ್ಕೊಂಡು ಹೋದ್ರಿ. ಅದೇ ಆಟ ನನ್ನ ಹತ್ರಾನೂ ಆಡ್ತೀರಾ?"

ಎಲ್ಲಾ ತಲೆ ತಗ್ಗಿಸಿದ್ರು. ಉಗಮಾ ಮಾತ್ರ ನಕ್ಕ. ಅಫೀಮು ಏರಿತ್ತು, ಹಲ್ಲಿಲ್ಲದ ಬಾಯಿ ಅಗಲ ಮಾಡಿ ನಮ್ಮನೆಯವರ ಕಡೆ ತಿರುಗಿದ.

"ಏ ಖೇತಾ, ನಿನ್ನ ಹೆಂಡ್ತಿಗೆ ಇನ್ನೂ ಹೇಳಿಲ್ವೇನೋ?"

"ಅಜ್ಜಾ, ಬೇಡ," ಅಂದ್ರು ಇವರು.

"ಬೇಡ ಏನು ಬೇಡ? ನಿಮ್ಮವ್ವ ಸತ್ತೂ ಹೋದ್ಲು, ಇವಳ ಕೈಲಿ ಉಗಿಸ್ಕೊಂಡು ಉಗಿಸ್ಕೊಂಡು! ಕೇಳಮ್ಮಾ ಧಾಪೂ. ನಿಮ್ಮಪ್ಪನಿಗೆ ಯಾರೂ ಮೋಸ ಮಾಡ್ಲಿಲ್ಲ. ನಿಮ್ಮತ್ತೆ ಇಂಥದ್ದೇ ಒಡೆದ ಚಹಾ ತಂದು ಎದುರಿಗಿಟ್ಲು. 'ನಮ್ಮ ನೀರು ಹಿಂಗೇ ಅಣ್ಣಾ, ಮುಚ್ಚಿಡೋದು ಪಾಪ, ಯೋಚ್ನೆ ಮಾಡಿ' ಅಂದ್ಲು. ನಿಮ್ಮಪ್ಪ ಪೂರ್ತಿ ಕುಡಿದು ಲೋಟ ಕೆಳಗಿಟ್ಟ. 'ನನ್ನ ಮಗನಿಗೆ ನಿಮ್ಮ ಹುಡುಗಿ ಬೇಕು. ನಮ್ಮ ಧಾಪೂ ನಾಲಿಗೆ ಮೊದಲೇ ಉಪ್ಪು, ನಿಮ್ಮ ನೀರಿಗೆ ಸರಿಹೋಗುತ್ತೆ' ಅಂದ. ನಾವೆಲ್ಲಾ ಎಷ್ಟು ನಕ್ವಿ! ಏಳುವಾಗ ಇನ್ನೊಂದು ಮಾತು ಹೇಳಿದ. 'ಮುಂದೆ ಅವಳು ಅತ್ರೆ ನೀವೇ ಮೋಸ ಮಾಡಿದ್ರಿ ಅಂದ್ಕೊಳ್ಲಿ. ನನ್ನ ಹೆಸರು ಬರಬಾರ್ದು.'"

ನಾನು ಹೇಮಾನ ಮುಖ ನೋಡಿದೆ. ಅವನು ತನ್ನ ಜೋಡು ನೋಡ್ಕೊಳ್ತಿದ್ದ.

"ನಿಂಗೆ ಗೊತ್ತಿತ್ತಾ?"

"ನಾನಾಗ ಚಿಕ್ಕೋನು ಜೀಜೀ..."

"ಮೀಸೆ ಬಂದಿತ್ತು ನಿಂಗೆ. ಹೆಂಡ್ತಿ ಬೇಕಿತ್ತು."

ಅಪ್ಪ ಬಂದಾಗೆಲ್ಲಾ ಎರಡು ಗುಟುಕು ಕುಡಿದು ಹೊರಡ್ತಿದ್ನಲ್ಲ, ನಾನು ಅದನ್ನ ಪದ್ಧತಿ ಅಂದ್ಕೊಂಡಿದ್ದೆ. ಒಂದು ದಿನವಾದ್ರೂ ಆ ಚೀಲದಿಂದ ನನಗೊಂದು ಗುಟುಕು ಕೊಟ್ಟಿದ್ನಾ? ಕೊಟ್ಟಿರ್ಲಿಲ್ಲ. ನನಗೆ ಅದೂ ಈಗ ನೆನಪಾಯ್ತು.

ಎದ್ದು ಬಾವಿ ಹತ್ರ ಹೋದೆ. ಹೆಗಲಿಂದ ಅಪ್ಪನ ಚೀಲ ಇಳಿಸಿ, ಒಳಗಿದ್ದ ಸಿಹಿನೀರನ್ನೆಲ್ಲಾ ಮರಳಿಗೆ ಸುರಿದೆ. ನಮ್ಮ ಕಡೆ ಹಾಗೆ ನೀರು ಚೆಲ್ಲೋರನ್ನ ಹುಚ್ಚರು ಅಂತಾರೆ. ಇವರು ಬಂದು ಹಗ್ಗ ಹಿಡ್ಕೊಂಡು ಸೇದಿಕೊಟ್ರು.

"ನೀವು ಯಾಕೆ ಬಾಯಿ ಬಿಡ್ಲಿಲ್ಲ?" ಅಂದೆ. "ಒಂಟೆಗಾದ್ರೂ ಗುರುಗುಟ್ಟೋಕೆ ಬರುತ್ತೆ. ನಿಮ್ಮವ್ವನ್ನ ನಾನು ಏನೇನೆಲ್ಲಾ ಅಂದೆ!"

"ಅವ್ವಾನೇ ಬೇಡ ಅಂದಿದ್ಲು," ಅಂದ್ರು. "'ಬಯ್ಯೋಕೆ ನಾವು ಮನೆತುಂಬ ಜನ ಇದೀವಿ, ಅವಳಿಗೆ ಅಪ್ಪ ಅಂತ ಇರೋನು ಒಬ್ಬ' ಅಂತ."

ಇಂಥಾ ಪೆದ್ದು ಮನೆತನ ಎಲ್ಲಾದ್ರೂ ಇದೆಯಾ ಹೇಳಿ. ಆ ಉಪ್ಪುನೀರು ಚೀಲಕ್ಕೆ ತುಂಬ್ಕೊಂಡೆ, ಬಾಯಿ ಅವರೇ ಕಟ್ಟಿದ್ರು.

ಮೂಂಡಾಸರ್ ಮುಟ್ಟೋತನಕ ನಾನು ಬಾಯಿ ತೆರೀಲಿಲ್ಲ. ಹೇಮಾ ಅದನ್ನ ಒಪ್ಪಿಗೆ ಅಂದ್ಕೊಂಡ, ಮುಠ್ಠಾಳ. ಅಂಗಳಕ್ಕೆ ಇಳಿದೋನೇ ಹೆಂಡ್ತೀನ ಕೂಗಿ "ಎಲ್ಲಾ ಸರಿಹೋಯ್ತು, ಒಳ್ಳೇ ಮನೆ, ಒಳ್ಳೇ ನೀರು" ಅಂದ. ಸುಗಣಾ ಅವನನ್ನ ನೋಡ್ಲಿಲ್ಲ, ನನ್ನ ನೋಡಿದ್ಲು. ನಾನು ಚೀಲ ಅವಳ ಕೈಗೆ ಕೊಟ್ಟೆ.

"ನನ್ನ ಮಾತೂ ಬೇಡ, ನಿಮ್ಮಪ್ಪನ ಮಾತೂ ಬೇಡ. ಕುಡಿಯೋಳು ನೀನು. ಕುಡಿದು ನೀನೇ ಹೇಳು."

"ಹುಡುಗಿ ಕೈಲಿ ಎಲ್ಲಾದ್ರೂ..." ಅಂತ ಹೇಮಾ ಮುಂದೆ ಬಂದ. ಅವನ ಹೆಂಡ್ತಿ, ನಮ್ಮ ಖಾರೋಡಾದ ಹುಡುಗಿ, ಅವನ ಅಂಗಿ ಹಿಡಿದು ನಿಲ್ಲಿಸಿದ್ಲು. ಅವಳು ಗಂಡನ್ನ ತಡೆದಿದ್ದು ನಾನು ನೋಡಿದ್ದು ಅದೇ ಮೊದಲು.

ಸುಗಣಾ ಚೀಲ ಎತ್ತಿ ಬಾಯಿಗೆ ಹುಯ್ಕೊಂಡ್ಲು. ಮುಖ ಹಿಂಡಿದ್ಲು. ಉಗುಳ್ತಾಳೆ ಅಂದ್ಕೊಂಡೆ, ಉಗುಳ್ಲಿಲ್ಲ, ಕಣ್ಣು ಮುಚ್ಚಿ ನುಂಗಿದ್ಲು. ಆಮೇಲೆ ಚೀಲದ ಬಾಯಿ ಒರೆಸಿ, ಎರಡೂ ಕೈಲಿ ಹಿಡಿದು, ಮರ್ಯಾದೆಯಿಂದ ಅವಳಪ್ಪನ ಮುಂದೆ ಚಾಚಿದ್ಲು.

"ತಗೋ ಅಪ್ಪಾ. ಮದುವೆ ಆದ್ಮೇಲೆ ನೀನು ಮಗಳ ಮನೆ ನೀರು ಮುಟ್ಟಂಗಿಲ್ಲ. ಈಗ್ಲೇ ಕುಡಿದು ಮುಗಿಸು. ಚೀಲ ಖಾಲಿ ಮಾಡಿದ್ರೆ ನಾನು ಹೋಗ್ತೀನಿ."

ಹೇಮಾ ಚೀಲ ತಗೊಂಡ. ಬಾಯಿ ಹತ್ರ ಒಯ್ದ. ನಾವು ಮೂರೂ ಹೆಂಗಸರು ನೋಡ್ತಾ ನಿಂತ್ವಿ. ಒಂದು ಗುಟುಕು ಒಳಗೆ ಹೋಯ್ತು, ಎರಡನೇದು ಗಡ್ಡದ ಮೇಲೆ ಇಳೀತು, ಅಲ್ಲಿಗೆ ಚೀಲ ಕೆಳಗಿಟ್ಟು ಕೂತುಬಿಟ್ಟ.

"ನಮ್ಮಪ್ಪ ಪೂರ್ತಿ ಕುಡಿದಿದ್ದ ಕಣೋ," ಅಂದೆ. "ನೀನು ಅವನಷ್ಟೂ ಗಂಡಸಲ್ಲ."

ಸಿಣಧೋರಾಕ್ಕೆ ಬೇಡ ಅಂತ ಹೇಳಿ ಕಳಿಸಿದ್ವಿ. ಆ ಚೀಲ ಈಗ ನಮ್ಮನೇಲಿ, ನಂಗೆ ಸಿಹಿನೀರು ಹೊತ್ತು ತರೋ ಒಂಟೆಯ ತಡಿ ಕೆಳಗಿದೆ, ಅದರ ಬೆನ್ನು ಒತ್ತಬಾರ್ದು ಅಂತ ಮಡಿಸಿ ಇಟ್ಟಿದೀನಿ.