ಅಜ್ಜಪ್ಪ ಕೇಳುತ್ತಿದ್ದ

ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹೆಣದ ವಿಮಾನಕ್ಕೆ ಬಾಳೆಕಂಬ ಬಿಗಿಯುತ್ತಿದ್ದ ಮೈಲಾರೆಪ್ಪ, ಗಂಟು ಕೂತ ಕೂಡಲೇ ಅಂಗಳಕ್ಕೆಲ್ಲ ಕೇಳುವಂತೆ ಸಾರಿದ:

"ಸಭಾಗೃಹದೊಳಗ ಹೊಕ್ಕು ಒಂದ್ ಸುತ್ತು ಹಾಕಿಸಿಕೊಂಡ ಒಯ್ಯೂದು. ಯಾರು ಬ್ಯಾಡಂತಾರ ನೋಡೂಣು."

ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಅಜ್ಜಪ್ಪ, ಹಣೆಯ ತುಂಬ ವಿಭೂತಿ ಧರಿಸಿ, ಮುಗಿಯದ ಯಾವುದೋ ಆಲಾಪಕ್ಕೆ ಕಾದು ಕೂತವನಂತೆ ಕಾಣುತ್ತಿದ್ದ. ನಸುಕಿನಲ್ಲಿ ನಿದ್ದೆಯೊಳಗೇ ಉಸಿರು ನಿಂತಿತ್ತು. ರಾಣೆಬೆನ್ನೂರಿನ ಬೀಜದ ಅಂಗಡಿಯೊಂದರಲ್ಲಿ ಮೈಲಾರೆಪ್ಪನ ಜೊತೆ ಚೀಲ ಹೊಲಿಯುತ್ತ ಮುದುಕನಾದವನು. ಹಾಡಿದವನಲ್ಲ, ಬರೆದವನಲ್ಲ, ವೇದಿಕೆ ಏರಿದವನಲ್ಲ. ಊರಿನಲ್ಲಿ ಸಂಗೀತವೋ ನಾಟಕವೋ ಉಪನ್ಯಾಸವೋ ಇದ್ದರೆ ಹೋಗಿ ಮುಂದೆ ಕೂತು ಕೇಳಿದವನು, ಅಷ್ಟೆ.

ಸಭಾಗೃಹದ ಕಾರ್ಯದರ್ಶಿ ವಿಜಯೇಂದ್ರ ಅವನಿಗೆ ಹಾರ ಹಾಕಿ, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಅಜ್ಜಪ್ಪನ ಹೆಂಡತಿ ದೇವವ್ವನ ಮುಂದೆ ಕೈಮುಗಿದು ನಿಂತ.

"ತಪ್ಪು ತಿಳಕೋಬ್ಯಾಡ್ರಿ, ದೇವಕ್ಕಾ. ಒಳಗ ಒಯ್ಯೂದು ಮಾತ್ರ ಬ್ಯಾಡ್ರಿ. ಸಂಜಿಗೆ ಬ್ಯಾಡಗಿ ನೀಲಾ ಅವರ ಹಾಡು ಅದ. ಮೊದಲ ಜನ ಆ ಕಟ್ಟಡಕ್ಕ ಅಂಜ್ಯಾರ. ಮತ್ತೊಂದು ಹೆಣ ಒಳಗ ಹೋತಂದ್ರ ಒಂದು ನರಪಿಳ್ಳಿ ಬರೂದಿಲ್ಲ."

"ಹೆಣ ಅಂತೀರೇನ್ರಿ?" ಮೈಲಾರೆಪ್ಪ ಎದ್ದು ಬಂದ. "ಅಜ್ಜಪ್ಪ ಇಲ್ಲದ ನಿಮ್ಮದು ಯಾವ ಕಾರ್ಯಕ್ರಮ ಆಗೈತಿ ಹೇಳ್ರಿ. ನೀವು ಕೀಲಿ ಹುಡುಕೂದ್ರಾಗ ಅಂವ ಬಾಗಲದಾಗ ನಿಂತಿರ್ತಿದ್ದ."

"ಹೌದಪಾ. ಅದನ್ನ ನಾನೂ ಮರತಿಲ್ಲ."

ಸೋಂಕಿನ ಎರಡನೆಯ ಅಲೆಯಲ್ಲಿ ಸಭಾಗೃಹದ ಕುರ್ಚಿಗಳನ್ನೆಲ್ಲ ತೆಗೆದು ಮಂಚ ಹಾಕಿದ್ದರು. ಕೆಲವರು ಅಲ್ಲಿಂದ ಮನೆಗೆ ಮರಳಲಿಲ್ಲ. ನಿರ್ಬಂಧ ತೆರವಾದ ಮೇಲೆ ಪಕ್ಕದ ವಾಚನಾಲಯಕ್ಕೆ ಪತ್ರಿಕೆ ಓದುವವರು ಬಂದರು. ಸಭಾಗೃಹದ ಹೊಸ್ತಿಲನ್ನು ಮಾತ್ರ ಜನ ತುಳಿಯಲಿಲ್ಲ. ಈ ಸಂಜೆಯೂ ಕುರ್ಚಿಗಳು ಖಾಲಿ ಉಳಿದರೆ ಕಟ್ಟಡವನ್ನು ಬೀಜದ ಗೋದಾಮಿಗೆ ಬಾಡಿಗೆ ಕೊಡುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು.

ಆ ಸಭಾಗೃಹವನ್ನು ದೇವವ್ವ ಒಳಗಿನಿಂದ ಕಂಡವಳೇ ಅಲ್ಲ.

* * *

"ಹಾಡಾಕ ಬರೂದಿಲ್ಲ, ಬಾರಸಾಕ ಬರೂದಿಲ್ಲ. ಅಲ್ಲಿ ನಿಮ್ಮದೇನು ಕೆಲಸಾ?" ಅಜ್ಜಪ್ಪ ಇಸ್ತ್ರಿ ಅಂಗಿ ತೊಟ್ಟಾಗಲೆಲ್ಲ ಅವಳು ಕೇಳುತ್ತಿದ್ದಳು.

"ಕೇಳಾಕ ಬರತೈತಲ್ಲ. ನೀನೂ ನಡಿ."

"ರೊಟ್ಟಿ ಯಾರು ಬಡೀಬೇಕು? ನಿಮ್ಮ ತಬಲಾದಾಂವ ಬಡೀತಾನೇನು?"

ರಾತ್ರಿ ಮರಳಿದವನಿಗೆ ಬಡಿಸುತ್ತ ಮತ್ತೆ ಕೆಣಕುವಳು: "ಏನರ ತಿಳೀತೋ?"

"ತಿಳೀಲಿಲ್ಲ. ಆದ್ರ ಎದಿಯೊಳಗ ಯಾರೋ ಕಸಾ ಹೊಡದ್ಹಂಗ ಆತು."

ಸೋಂಕು ತಗುಲಿದಾಗ ಅವನನ್ನೂ ಅದೇ ಸಭಾಗೃಹದಲ್ಲಿ ಮಲಗಿಸಿದರು. ಪಕ್ಕದ ಮಂಚದವನು ಭಯದಿಂದ ನರಳಿದಾಗ, ಏದುಸಿರಿನ ನಡುವೆಯೇ ಅಜ್ಜಪ್ಪ ಹೇಳಿದ್ದನಂತೆ: "ಛಲೋ ಜಾಗಾ ಸಿಕ್ಕೈತಿ ನಿನಗ. ಇಲ್ಲಿಂದ ತಂಬೂರಿ ಭಾಳ ಛಂದ ಕೇಳಸ್ತೈತಿ."

ಸಭಾಗೃಹ ಮತ್ತೆ ತೆರೆದ ದಿನ ನೀಲಾ ಹಾಡಿದಳು. ಕೇಳಲು ಬಂದವನು ಅಜ್ಜಪ್ಪ ಒಬ್ಬನೇ. ಮರುದಿನ ಬೆಳಿಗ್ಗೆಯಿಂದ ಅವನು ಇಸ್ತ್ರಿ ಅಂಗಿ ತೊಟ್ಟು ಎಲ್ಲಿಗೋ ಹೋಗತೊಡಗಿದ. ಎಲ್ಲಿಗೆಂದು ದೇವವ್ವ ಕೇಳಲಿಲ್ಲ, ಅವನೂ ಹೇಳಲಿಲ್ಲ.

* * *

ಎಲ್ಲಿಗೆಂಬುದು ಅವಳಿಗೆ ತಿಳಿದದ್ದು ಇಂದು. ಮೇಡ್ಲೇರಿ ರಸ್ತೆಯ ಶೇಖವ್ವ ಬಂದು ಹೆಣದ ಕಾಲು ಮುಟ್ಟಿ, ಅವಳ ಪಕ್ಕದಲ್ಲಿ ಕುಸಿದು ಕೂತಳು. ಒಬ್ಬನೇ ಮಗನನ್ನು ಸಭಾಗೃಹದ ಮಂಚದ ಮೇಲೆ ಕಳೆದುಕೊಂಡವಳು.

"ನಮ್ಮ ಮನಿಗೆ ಬಂದಿದ್ದನವ್ವಾ ನಿನ್ನ ಗಂಡ. ಹಾಡು ಕೇಳಾಕ ಬಾ ಅಂದ. ನಾ ಮಾರಿ ಮ್ಯಾಲ ಬಾಗಲಾ ಹಾಕಿದೆ. ಮತ್ತ ಬಂದ. ಬೈದೆ. ಮತ್ತೂ ಬಂದ."

"ಏನಂದ್ರು?"

"'ನಾನೂ ಅಲ್ಲೇ ಬಿದ್ದಿದ್ದೆ, ಶೇಖವ್ವಾ. ನಿನ್ನ ಮಗಾ ಕಡೀಗೆ ಉಸಿರಾಡಿದ ಜಾಗಾದಾಗ ಬೀಜದ ಚೀಲ ಒಟ್ಟತಾರಂತ. ಅಲ್ಲಿ ಹಾಡು ಇರೂದು ಛಲೋ ಅಲ್ಲೇನು?' ಅಂದ." ಶೇಖವ್ವ ಸೆರಗಿನಿಂದ ಮೂಗೊರೆಸಿಕೊಂಡಳು. "ನಿನ್ನೆ ಹೂಂ ಅಂದಿದ್ದೆ. ಈಗ ಅಂವ ಇಲ್ಲದ ಹೆಂಗ ಒಳಗ ಕಾಲಿಡ್ಲಿ?"

"ನಮ್ಮಲ್ಲಿಗೂ ಬಂದಿದ್ದ," ಎಂದಿತು ಹಿಂದಿನಿಂದ ಒಂದು ದನಿ. "ನಮ್ಮಲ್ಲಿಗೂ," ಎಂದಿತು ಇನ್ನೊಂದು. ದೇವವ್ವ ಗಂಡನ ಮುಖವನ್ನು ದಿಟ್ಟಿಸಿ ನೋಡಿದಳು. ಇಷ್ಟು ಮನೆಗಳ ದುಃಖದೊಳಕ್ಕೆ ಇಸ್ತ್ರಿ ಅಂಗಿ ತೊಟ್ಟು ಹೋಗಿಬಂದವನ ಜೊತೆ ತಾನು ಬಾಳಿದ್ದೇನೆಂಬುದು ಅವಳ ಬಾಗಿದ ಬೆನ್ನನ್ನು ತುಸು ನೆಟ್ಟಗಾಗಿಸಿತು.

ಮಧ್ಯಾಹ್ನ ಭಜನೆಯ ಹಿಂದೆ ವಿಮಾನ ಹೊರಟಿತು. ಸಭಾಗೃಹದ ಗೇಟಿನೆದುರು ಮೈಲಾರೆಪ್ಪ ಹೆಗಲು ಕೊಟ್ಟವರನ್ನೆಲ್ಲ ತಡೆದು ನಿಲ್ಲಿಸಿದ. ಮೆಟ್ಟಿಲ ಮೇಲೆ ವಿಜಯೇಂದ್ರ. ಅಡ್ಡ ಬರುವ ಧೈರ್ಯವಿಲ್ಲ, ಸರಿದು ನಿಲ್ಲುವ ಧೈರ್ಯವೂ ಇಲ್ಲ.

"ಮುಂದ ನಡೀರಿ," ಎಂದಳು ದೇವವ್ವ.

"ಯಕ್ಕಾ, ಇದು ಅವನ ಮನಿ ಇದ್ದಂಗ..."

"ಗೊತ್ತೈತಿ, ಮೈಲಾರೆಪ್ಪಾ. ಇವ್ರು ಜನರನ್ನ ಒಳಗ ಕರದವ್ರು. ಇವರ ನೆವದಿಂದ ಯಾರೂ ಹೊರಗ ಉಳೀಬಾರದು." ಆಮೇಲೆ ವಿಜಯೇಂದ್ರನತ್ತ ತಿರುಗಿದಳು. "ಹಾಡು ಎಷ್ಟಕ್ಕ?"

"ಆರಕ್ಕ ಇತ್ತು, ದೇವಕ್ಕಾ. ಆದ್ರ ಈಗ..."

"ಕುರ್ಚಿ ಹಾಕಸ್ರಿ."

* * *

ಮಣ್ಣು ಮುಗಿಸಿ ಬಂದು ತಲೆಯ ಮೇಲೆ ನೀರು ಹಾಕಿಕೊಂಡ ದೇವವ್ವ, ಬೇರೆ ಸೀರೆ ಉಟ್ಟು ಹೊಸ್ತಿಲ ಬಳಿ ನಿಂತಾಗ, ನೆರೆಯ ಉಚ್ಚಂಗೆವ್ವ ಕೈ ಹಿಡಿದೆಳೆದಳು.

"ಹುಚ್ಚು ಹಿಡೀತೇನ? ಇವತ್ತ ಹೊರಗ ಹೊಂಟ್ರ ಮಂದಿ ಏನಂದಾರು?"

"ಇಷ್ಟ ವರ್ಷ ಅವರು ಕರದ್ರು, ನಾ ಹೋಗಲಿಲ್ಲ. ಇನ್ನ ಕರಿಯಾವ್ರಿಲ್ಲ. ನಾನ ಹೋಗಬೇಕು."

ಶೇಖವ್ವ ಎದ್ದು ಅವಳ ಮೊಣಕೈ ಹಿಡಿದಳು. ಬಾಯ್ತುಂಬ ಬೈಯುತ್ತಲೇ ಉಚ್ಚಂಗೆವ್ವನೂ ಹಿಂದೆ ಬಂದಳು. ಮೈಲಾರೆಪ್ಪ ತಲೆ ಒರೆಸಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ಟವೆಲನ್ನು ಹೆಗಲಿಗೆ ಎಸೆದುಕೊಂಡ. ಓಣಿಯಿಂದ ಓಣಿಗೆ ಜನ ಕೂಡಿಕೊಳ್ಳುತ್ತ ಹೋದರು: ಬೆಳಿಗ್ಗೆಯ ದನಿಗಳು, ಆ ದನಿಗಳ ಮನೆಯವರು.

ವೇದಿಕೆಯ ಮೇಲೆ ಶ್ರುತಿ ಕೂಡಿಸುತ್ತಿದ್ದ ನೀಲಾ ತಲೆಯೆತ್ತಿದಳು. ಸಾಲು ಸಾಲಾಗಿ ಒದ್ದೆ ತಲೆಗಳು ಬಂದು ಕೂರುತ್ತಿದ್ದವು. ಹೆಂಗಸರ ಜಡೆಯ ತುದಿಯಿಂದ ನೀರು ತೊಟ್ಟಿಕ್ಕಿ ಸಭಾಗೃಹದ ನೆಲದ ಮೇಲೆ ಕಪ್ಪಗೆ ಹರಡುತ್ತಿತ್ತು. ಮಗನ ಮಂಚವಿದ್ದ ಕಂಬದ ಬಳಿ ಶೇಖವ್ವ ಒಂದು ಕ್ಷಣ ನಿಂತಳು. ನಂತರ ಅಲ್ಲಿಯೇ ಕುರ್ಚಿ ಎಳೆದುಕೊಂಡು ಕೂತಳು. ಹಿಂದಿನ ಬಾಗಿಲಿನಿಂದ ವಿಜಯೇಂದ್ರ ಇನ್ನಷ್ಟು ಕುರ್ಚಿಗಳನ್ನು ತಾನೇ ಹೊತ್ತು ತರುತ್ತಿದ್ದ.

ತಂಬೂರಿ ತುಂಬಿಕೊಂಡಿತು. ಮುಂದಿನ ಸಾಲಿನಲ್ಲಿ ಕೂತ ದೇವವ್ವ, ತಲೆ ಮುಚ್ಚಿದ್ದ ಸೆರಗನ್ನು ಎರಡೂ ಕೈಯಿಂದ ಮೆಲ್ಲಗೆ ಕಿವಿಯ ಹಿಂದಕ್ಕೆ ಸರಿಸಿಕೊಂಡಳು.