ಆಟದ ಪೀರಿಯಡ್ಡಿಗೆ ವಿನಾಯಿತಿ

ನನ್ನ ಬಾಯಿ ದೊಡ್ಡದೆಂದು ಶಿರ್ತಾಡಿಯ ಆಸುಪಾಸಿನಲ್ಲಿ ಎಲ್ಲರಿಗೂ ಗೊತ್ತು. ಮೂವತ್ತೊಂದು ವರ್ಷ ಮೈದಾನದಲ್ಲಿ ನಿಂತು ಕೂಗಿದವನಿಗೆ ಪಿಸುಮಾತು ಎಲ್ಲಿಂದ ಬರಬೇಕು? ಹೊಟ್ಟೆನೋವು, ತಲೆನೋವು ಎಂದು ಚೀಟಿ ತಂದವರನ್ನು ಎರಡು ಸುತ್ತು ಹೆಚ್ಚೇ ಓಡಿಸಿದ ಪೀಟಿ ಮಾಸ್ಟ್ರು ರುಕ್ಮಯ್ಯ ನಾನೇ. ಇಡೀ ಸರ್ವೀಸಿನಲ್ಲಿ ಒಬ್ಬಳಿಗೆ ಮಾತ್ರ ವಿನಾಯಿತಿ ಕೊಟ್ಟೆ. ತಪ್ಪಿದ್ದೂ ಅಲ್ಲಿಯೇ.

ಸಾತ್ವಿಕಾ ಎಂಟನೆಯ ತರಗತಿಗೆ ಸೇರಿದ ವಾರ ಅವಳ ತಾಯಿ ನೀಲಾವತಿ ನನ್ನನ್ನು ಹುಡುಕಿಕೊಂಡು ಮೈದಾನಕ್ಕೇ ಬಂದರು. ಮಗಳ ಎದೆಗೆ ಹೊಗೆಸೊಪ್ಪಿನ ಧೂಳು ಆಗದೆಂದು ಬೀಡಿ ಕಟ್ಟುವುದನ್ನು ಬಿಟ್ಟು ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದ ಹೆಂಗಸು. ಕೈಯಲ್ಲಿ ಮಂಗಳೂರಿನ ಡಾಕ್ಟರರ ಇಂಗ್ಲಿಷ್ ಪತ್ರವಿತ್ತು.

"ಹುಟ್ಟಿನಿಂದಲೇ ಬಂದದ್ದು ಸರ್. ಸಿಸ್ಟಿಕ್ ಫೈಬ್ರೋಸಿಸ್ ಅಂತ ಹೇಳ್ತಾರೆ. ಅಂಟುವ ಕಾಯಿಲೆ ಅಲ್ಲ. ಎದೆಯಲ್ಲಿ ಕಫ ಗೋಂದಿನ ಹಾಗೆ ಗಟ್ಟಿ ಆಗ್ತದೆ. ಸ್ವಲ್ಪ ಓಡಿದ್ರೂ ಕೆಮ್ಮು. ನೀವೊಂದು ನೋಡಿಕೊಳ್ಬೇಕು."

ಪತ್ರದ ಮೊದಲ ಎರಡು ಸಾಲು ಓದಿದೆ. ಶ್ವಾಸಕೋಶ, ಪದೇಪದೇ ಸೋಂಕು, ಜೀವನಪೂರ್ತಿ ಚಿಕಿತ್ಸೆ. ಅಷ್ಟಕ್ಕೇ ಸಾಕೆನಿಸಿತು. ಮಡಚಿ ಫೈಲಿಗೆ ಹಾಕಿದೆ.

"ಇವಳನ್ನು ಓಡಿಸುದಿಲ್ಲ ಅಮ್ಮ. ನೀವು ಚಿಂತೆ ಮಾಡ್ಬೇಡಿ. ನನ್ನ ಮಗಳ ಹಾಗೆ ನೋಡ್ತೇನೆ," ಎಂದೆ.

ಹಾಗೆಯೇ ನೋಡಿಕೊಂಡೆ. ಮಾವಿನ ಮರದ ಬುಡದಲ್ಲಿ ಅವಳಿಗೊಂದು ಕುರ್ಚಿ, ತ್ರೋಬಾಲಿನ ಅಂಕ ಬರೆಯುವ ಕೆಲಸ. ಮೊದಮೊದಲು ಹುಡುಗಿಯ ಕಾಲು ಸುಮ್ಮನಿರುತ್ತಿರಲಿಲ್ಲ. ಚೆಂಡು ಗೆರೆ ದಾಟಿ ಹೋದರೆ ತರಲು ಎದ್ದು ಓಡುವಳು, ಕೆಮ್ಮು ಹತ್ತುವುದು, ನಾನು ಆಚೆ ತುದಿಯಿಂದ "ಸಾತ್ವಿಕಾ, ಕೂತ್ಕೊ! ಕೆಮ್ಮು ಬಂದಾಗ ಓಡಿದ್ರೆ ಎಂತಾದ್ರೂ ಆಗ್ತದೆ" ಎಂದು ಗುಡುಗುವೆ. ದಸರಾ ರಜೆಯ ಹೊತ್ತಿಗೆ ಓಡುವುದನ್ನು ಬಿಟ್ಟಳು. ಒಂಬತ್ತಕ್ಕೆ ಬಂದ ಮೇಲೆ ಕೆಮ್ಮು ಬಂದರೆ ನಾನು ಕೂಗುವ ಮೊದಲೇ ಕೂರುತ್ತಿದ್ದಳು. ಮಾಸ್ಟ್ರಿಗೂ ಕರುಳುಂಟು ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡಿದರು. ಸುಳ್ಳು ಯಾಕೆ ಹೇಳಲಿ, ನನಗದು ಹಿತವಾಗಿತ್ತು.

ಹತ್ತನೆಯ ತರಗತಿಯ ಆಗಸ್ಟಿನಲ್ಲಿ ಅವಳನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಹದಿನಾಲ್ಕು ದಿನ ಡ್ರಿಪ್ಪು. ಮೂಡುಬಿದಿರೆಯಲ್ಲಿ ಮೋಸಂಬಿ ಕಟ್ಟಿಸಿಕೊಂಡು ನೋಡಲು ಹೋದೆ. ಜಸ್ನಾ ಎಂಬ ಫಿಸಿಯೋಥೆರಪಿಸ್ಟ್ ಹುಡುಗಿ ಅವಳಿಂದ ಉಸಿರಿನ ಬಲ ಅಳೆಯುವ ಯಂತ್ರಕ್ಕೆ ಊದಿಸುತ್ತಿದ್ದಳು.

"ಎರಡು ವರ್ಷದ ಹಿಂದೆ ನೂರಕ್ಕೆ ಎಪ್ಪತ್ತೆರಡು ಇತ್ತು. ಈಗ ನಲ್ವತ್ತಾರು," ಎಂದವಳು ಸಾತ್ವಿಕಾಳನ್ನು ಕೇಳಿದಳು, "ಶಾಲೆಯಲ್ಲಿ ಎಂತ ಆಡ್ತಿ?"

"ಅಂಕ ಬರೀತೇನೆ," ಎಂದಳು ಸಾತ್ವಿಕಾ, ತುಸು ಹೆಮ್ಮೆಯಿಂದ.

ಜಸ್ನಾ ನನ್ನ ಕಡೆ ತಿರುಗಿದಳು. "ಇವಳನ್ನು ಕೂರಿಸಿದ್ದು ಯಾರು ಸರ್? ಓಡಿದಾಗ ಬರುವ ಕೆಮ್ಮೇ ನಮಗೆ ಬೇಕಾದ್ದು. ಕಫ ಎದ್ದು ಹೊರಗೆ ಬರುದು ಅದರಿಂದ. ಇವಳ ಬೆವರಲ್ಲಿ ಉಪ್ಪು ತುಂಬಾ ಹೋಗ್ತದೆ, ಉಪ್ಪಿನ ನೀರು ಕುಡಿಸಿ ದಿನಾ ಓಡಿಸ್ಬೇಕು."

ನನಗೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಬರೆದು ಕೊಡ್ಬೇಕಿತ್ತು. ನಮಗೆಂತ ಕನಸು ಬೀಳ್ತದಾ?"

"ಪತ್ರದಲ್ಲಿ ಬರೆದಿರ್ತಾರೆ ಸರ್. ಯಾವಾಗಲೂ," ಎಂದಳು ಆಕೆ.

ಸೋಮವಾರ ಫೈಲು ತೆಗೆದೆ. ಕೊನೆಯ ಪ್ಯಾರಾದಲ್ಲಿತ್ತು: ದಿನವೂ ಓಡಬೇಕು, ಎಲ್ಲ ಆಟಗಳನ್ನೂ ಆಡಬೇಕು, ಕೆಮ್ಮು ಬಂತೆಂದು ನಿಲ್ಲಿಸಬಾರದು. ನಾನು ಅಷ್ಟು ಕೆಳಗೆ ಹೋಗಿರಲೇ ಇಲ್ಲ. ಆ ಸಂಜೆ ಪತ್ರ ಹಿಡಿದುಕೊಂಡು ನೀಲಾವತಿಯ ಮುಂದೆ ನಿಂತೆ.

"ಓಡಿದ್ರೆ ಒಳ್ಳೇದು ಅಂತ ಡಾಕ್ಟ್ರು ನನಗೂ ಹೇಳಿದ್ರು ಸರ್," ಎಂದರು ಅವರು. "ನೀವು ಓಡಿಸುದಿಲ್ಲ ಅಂದ್ರಿ. ಓಟದ ವಿಷಯ ಡಾಕ್ಟ್ರಿಗಿಂತ ಮಾಸ್ಟ್ರಿಗೆ ಹೆಚ್ಚು ಗೊತ್ತಿರ್ತದೆ ಅಂತ ಎಣಿಸಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಯಲ್ಲಿ ಸುಧಾರಿಸಿಕೊಂಡು ಅಕ್ಟೋಬರಿನಲ್ಲಿ ಸಾತ್ವಿಕಾ ಶಾಲೆಗೆ ಮರಳಿದಳು. ಹೋದದ್ದು ಪೂರ್ತಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದು ಜಸ್ನಾ ಹೇಳಿ ಕಳಿಸಿದ್ದಳು. ಬೆಳಿಗ್ಗೆ ಗಂಟೆ ಬಾರಿಸುವ ಮೊದಲು ಮೈದಾನಕ್ಕೆ ಇಳಿದೆವು. ಒಂದು ಸುತ್ತು ನಡಿಗೆ, ಆಮೇಲೆ ಅರ್ಧ ಸುತ್ತು ಓಟ. ನನ್ನ ಮಂಡಿ ನೋವನ್ನು ಬದಿಗಿಟ್ಟು ಅವಳ ಪಕ್ಕದಲ್ಲೇ ಓಡಿದೆ.

ಗೋಲ್ ಕಂಬದ ಹತ್ತಿರ ಕೆಮ್ಮು ಹಿಡಿಯಿತು. ಬಗ್ಗಿಸಿ ನಿಲ್ಲಿಸುವಂಥ ಕೆಮ್ಮು. ತುಟಿ ಕಪ್ಪಿಟ್ಟಿತು, ಕುತ್ತಿಗೆಯ ನರ ಎದ್ದಿತು. ಇದೇ ಬೇಕಾದದ್ದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೆದರಿದೆ. ಬಾಯಿ ತನ್ನಷ್ಟಕ್ಕೆ ಹೇಳಿತು: "ಕೂತ್ಕೊ."

ಒದ್ದೆ ಹುಲ್ಲಿನ ಮೇಲೆ ಅವಳು ಕೂಡಲೇ ಕೂತಳು.

"ಏಳಮ್ಮ. ತಪ್ಪಿ ಹೇಳಿದೆ. ಓಡುವ," ಎಂದು ಕೈ ಚಾಚಿದೆ.

ಅವಳು ಕೈ ಹಿಡಿಯಲಿಲ್ಲ. ಉಸಿರು ಕೂಡಿಬಂದ ಮೇಲೆ ಹೇಳಿದಳು, "ಬೇಡ ಸರ್. ಕೆಮ್ಮು ಬಂದಾಗ ಓಡಿದ್ರೆ ಎಂತಾದ್ರೂ ಆಗ್ತದೆ. ನೀವೇ ಹೇಳಿದ್ದಲ್ವಾ?"

ಅವಳ ದನಿಯಲ್ಲಿ ದೂರು ಇರಲಿಲ್ಲ. ಡಾಕ್ಟರರಿಗಿಂತ ನನ್ನನ್ನೇ ನಂಬಿದ್ದಳು.