ಬುಧವಾರದ ಹಡಗು

ಜಯನಗರದಲ್ಲಿ ನಮ್ಮ ಪಕ್ಕದ ಮನೆಯ ಪರಮಶಿವಯ್ಯನವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ಪಂಚಾಂಗದ ಅಪ್ಪಣೆಗೆ ಮಾತ್ರ ತಲೆಬಾಗುತ್ತಿದ್ದರು. ಮಗ ಸೇತುರಾಮ ಮದುವೆಯಾದ ವರ್ಷವೇ, ಐವತ್ತನಾಲ್ಕರ ಡಿಸೆಂಬರ್ ಐದರಂದು, ಮಲಯಾದ ರಬ್ಬರ್ ತೋಟವೊಂದಕ್ಕೆ ಗುಮಾಸ್ತನಾಗಿ ಹೊರಟುಹೋದ. ಸೊಸೆ ಸೀತಾಲಕ್ಷ್ಮಿಯನ್ನು ಬೆನ್ನಿಗೇ ಕಳಿಸುವ ಮಾತಾಗಿತ್ತು. ಒಂದು ವರ್ಷ ಆಷಾಢ ಅಡ್ಡ ಬಂತು, ಇನ್ನೊಂದು ವರ್ಷ ಶುಕ್ರಾಸ್ತ, ಆಮೇಲೆ ನಾದಿನಿಯ ಬಾಣಂತನ. ಅವಳ ಟ್ರಂಕು ಮಾತ್ರ ಸಿದ್ಧವಾಗಿಯೇ ಇತ್ತು.

ಐವತ್ತೊಂಬತ್ತರಲ್ಲಿ ಸೇತುರಾಮನ ಕಾಗದ ಬಂತು. ಮಲಯಾದಲ್ಲಿ ಈಗ ಸ್ವಂತ ಸರ್ಕಾರ, ಹೊಸ ಕಾನೂನು: ಗಂಡನಿಂದ ಐದು ವರ್ಷ ಬೇರೆ ಇದ್ದ ಹೆಂಡತಿಯನ್ನು ಒಳಗೆ ಬಿಡುವುದಿಲ್ಲ. ಮದ್ರಾಸಿನಿಂದ ಎರಡು ಹಡಗುಗಳಿದ್ದವು. ಒಂದು ನವೆಂಬರ್ ಇಪ್ಪತ್ತನಾಲ್ಕಕ್ಕೆ, ಇನ್ನೊಂದು ಡಿಸೆಂಬರ್ ಎರಡಕ್ಕೆ. ಪ್ರಯಾಣ ಆರು ದಿನ.

"ಇಪ್ಪತ್ನಾಲ್ಕು ಮಂಗಳವಾರ, ಅದರ ಮೇಲೆ ನವಮಿ," ಎಂದರು ಪರಮಶಿವಯ್ಯ. "ಶತ್ರೂನೂ ಕಳಿಸಬಾರದು. ಬುಧವಾರದ ಹಡಗಿಗೆ ಹೋಗ್ಲಿ."

"ಅದು ತಲುಪೋದು ಎಂಟನೇ ತಾರೀಖು, ಮಾವ. ಐದಕ್ಕೇ ಐದು ವರ್ಷ ಆಗೋಗುತ್ತೆ," ಎಂದಳು ಸೀತಾಲಕ್ಷ್ಮಿ, ಬಾಗಿಲ ಮರೆಯಿಂದ.

"ತಾರೀಖು ಯಾರಿಗೆ ಬೇಕಮ್ಮ? ಅವನು ಹೊರಟಿದ್ದು ಮಾರ್ಗಶಿರ ಶುದ್ಧ ದಶಮಿ. ಈ ಸಲ ದಶಮಿ ಬೀಳೋದು ಹತ್ತಕ್ಕೆ. ಇನ್ನೂ ಎರಡು ದಿನ ಮಿಕ್ಕಿರುತ್ತೆ!"

ನಾನು ಕಾಂಪೌಂಡಿನ ಆಚೆಯಿಂದ, "ಅಲ್ಲಿನ ಅಧಿಕಾರಿಗಳಿಗೆ ದಶಮಿ ಏಕಾದಶಿ ಎಲ್ಲಾ ಗೊತ್ತಿರುತ್ತಾ ಸ್ವಾಮಿ?" ಎಂದೆ.

"ಸೂರ್ಯ ಚಂದ್ರರು ಅಲ್ಲೂ ಅವರೇ ಕಣ್ರೀ."

ಖಗೋಳದ ಮಟ್ಟಿಗೆ ಮಾತು ಸರಿಯಾಗಿಯೇ ಇತ್ತು. ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಸೀತಾಲಕ್ಷ್ಮಿ ಬುಧವಾರದ ಹಡಗು ಹತ್ತಿದಳು. ಅದೇ ಹಡಗಿನಲ್ಲಿ ಅವಳನ್ನು ವಾಪಸು ಕಳಿಸಿದ್ದಾರೆಂದು ಸೇತುರಾಮನ ತಂತಿ ಬಂತು.

ಡಿಸೆಂಬರ್ ಇಪ್ಪತ್ತೊಂದು, ಸೋಮವಾರ ಬೆಳಿಗ್ಗೆ ಎಂಟಕ್ಕೆ ಜಟಕಾ ಬಂದು ನಿಂತಿತು. ಪರಮಶಿವಯ್ಯ ಗೇಟಿನಲ್ಲೇ ಇದ್ದರು.

"ಅವನನ್ನ ನೋಡಿದ್ಯೇನಮ್ಮ?"

"ಬಂದರಿನ ಕಟ್ಟೆ ಮೇಲೆ ನಿಂತಿದ್ರು. ಕೈ ಬೀಸಿದ್ರು. ಅಷ್ಟು ದೂರಕ್ಕೆ, ಅವರೇ ಅಂತ ಮೊದಲು ಗೊತ್ತಾಗ್ಲಿಲ್ಲ."

"ತಿಥಿ ಪ್ರಕಾರ ಅವರ ಲೆಕ್ಕವೇ ತಪ್ಪು," ಎಂದರು ಮುದುಕರು. ಧ್ವನಿ ಮೊದಲಿನಂತಿರಲಿಲ್ಲ. ಜೇಬಿನ ಗಡಿಯಾರ ನೋಡಿ, "ಒಂಬತ್ತರವರೆಗೂ ರಾಹುಕಾಲ. ಅಲ್ಲೀವರೆಗೂ ಪಕ್ಕದ ಮನೇಲಿ ಕೂತಿರಮ್ಮ," ಎಂದರು.

ನನ್ನ ಹೆಂಡತಿ ಆಗಲೇ ನಮ್ಮ ಬಾಗಿಲು ತೆರೆದು ನಿಂತಿದ್ದಳು. ಸೀತಾಲಕ್ಷ್ಮಿ ಮಾವನ ಮುಖವನ್ನೊಮ್ಮೆ ನೋಡಿದಳು. ಟ್ರಂಕನ್ನು ತಾನೇ ಎತ್ತಿಕೊಂಡು, ಅವರ ಪಕ್ಕದಿಂದಲೇ ಹಾದು ತಮ್ಮ ಮನೆಯೊಳಗೇ ಹೋದಳು.